ತಳವಿಲ್ಲದ ಕುಂಡದಲ್ಲಿ ಮ್ಯಾಂಡ್ರೇಕ್

ನಮ್ಮ ಹಿತ್ತಲಿಗೆ ಕಾಲಿಟ್ಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: “ಇದೇನ್ರೀ ಇದು?” ಬಿಸಿಲುಗೋಡೆಯ ಪಕ್ಕದಲ್ಲಿ ಸೊಂಟದೆತ್ತರಕ್ಕೆ ನಿಂತಿರುವ, ಮೇಲಂಚಿನಲ್ಲಿ ಕಿರೀಟದ ಹಾಗೆ ಕಚ್ಚುಗಳಿರುವ ಸುಟ್ಟ ಮಣ್ಣಿನ ಕೊಳವೆ ಅದು. ಕೆಲವರು ತುಳಸಿಕಟ್ಟೆಯ ಇಂಗ್ಲಿಷ್ ಅವತಾರ ಎಂದುಕೊಂಡು ಅರ್ಧ ಕೈ ಮುಗಿದದ್ದೂ ಉಂಟು. ನಿಜದಲ್ಲಿ ಅದು ಚಿಮಣಿಯ ತುದಿಯ ಕೊಳವೆ. ಒಂದು ಕಾಲಕ್ಕೆ ಯಾರದೋ ಮನೆಯ ನೆತ್ತಿಯ ಮೇಲೆ ಕೂತು ಕಲ್ಲಿದ್ದಲ ಹೊಗೆ ಉಗುಳಿಕೊಂಡಿತ್ತು. ಗ್ಯಾಸ್ ಹೀಟಿಂಗ್ ಬಂದ ಮೇಲೆ ಬರ್ಮಿಂಗ್‌ಹ್ಯಾಮಿನ ಸಾಲುಮನೆಗಳವರು ಇಂಥವನ್ನು ಕೆಳಗಿಳಿಸಿ ಹೂವಿನ ಕುಂಡ ಮಾಡಿಕೊಂಡರು. ಮೇಲೂ ತೂತು, ಕೆಳಗೂ ತೂತು. ತಳ ಎಂಬುದೇ ಇಲ್ಲ. ನಮ್ಮದರಲ್ಲಿ ಈಗ ಗಿಡವೂ ಇಲ್ಲ. ಕತ್ತಿಗೆ ಕಟ್ಟಿದ ಬಣ್ಣಗೆಟ್ಟ ದಾರವೊಂದಿದೆ, ಅಷ್ಟೇ.

ಪ್ರತಿ ವಸಂತದಲ್ಲೂ ನನ್ನ ಗಂಡ ರಘುವಿಗೆ ಹಿತ್ತಲು ಚೊಕ್ಕ ಮಾಡುವ ಹುಮ್ಮಸ್ಸು ಬರುತ್ತದೆ. “ಇದನ್ನ ಟಿಪ್ಪಿಗೆ ಹಾಕಿ ಬರ್ಲಾ?” ಎಂದು ಕೇಳುತ್ತಾನೆ. ಕೌನ್ಸಿಲ್ಲಿನವರು ಹಳೆಯ ಸಾಮಾನು ತೆಗೆದುಕೊಳ್ಳುವ ಜಾಗಕ್ಕೆ ಇಲ್ಲಿ ಟಿಪ್ ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ. ಯಾಕೆ ಬೇಡ ಎನ್ನುವುದು ಅವನಿಗೆ ಗೊತ್ತು, ಆದರೂ ಕೇಳುತ್ತಾನೆ. ನಿಮಗೆ ಗೊತ್ತಿಲ್ಲ, ಆದ್ದರಿಂದ ಹೇಳುತ್ತೇನೆ.

ಹೊಸ ಶತಮಾನ ಶುರುವಾದ ಹೊಸತು. ನಾವು ಸೆಲ್ಲಿ ಓಕಿನಲ್ಲಿ ಮನೆ ಕೊಂಡಿದ್ದೆವು. ರಘು ದಿನವೂ ಲೆಮಿಂಗ್ಟನ್ನಿಗೆ ಕಾರಿನಲ್ಲಿ ಹೋಗಿ ಎಂಜಿನಿಯರ್ ಕೆಲಸ ಮಾಡಿ ಬರುತ್ತಿದ್ದ; ನಾನು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಬೀದಿಯ ತುಂಬ ವಿದ್ಯಾರ್ಥಿಗಳು. ಅವರ ನಡುವೆ ಹಳೆಯ ಕಾಲದವರೆಂದು ಉಳಿದಿದ್ದದ್ದು ಪಕ್ಕದ ಮನೆಯ ಡೊರೀನ್ ಒಬ್ಬರೇ. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಗಂಡ ತೀರಿಕೊಂಡಿದ್ದರು, ಎಂಬತ್ತರ ಹತ್ತಿರದ ವಯಸ್ಸು. ಅಂಚೆಯವನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರನ್ನೂ ಅವರು ಕರೆಯುತ್ತಿದ್ದದ್ದು “ಬ್ಯಾಬ್” ಎಂದೇ. ಬರ್ಮಿಂಗ್‌ಹ್ಯಾಮಿನ ಬಾಯಲ್ಲಿ ಅದು ನಮ್ಮ “ಮಗಾ” ಇದ್ದ ಹಾಗೆ.

ನಾವು ಬಂದ ಕೆಲವು ದಿನಕ್ಕೇ ಬೇಲಿಯ ಮೇಲೆ ಅವರ ಬಿಳಿ ತಲೆ ಕಾಣಿಸಿತು. “ನಿಮ್ಮ ಗೋಡೆಗೆ ಒಳ್ಳೆ ಬಿಸಿಲು ಬೀಳುತ್ತೆ, ಬ್ಯಾಬ್. ನನ್ನ ಹಿತ್ತಲೆಲ್ಲ ನೆರಳು. ನನ್ನ ಗಿಡ ಒಂದನ್ನ ಅಲ್ಲಿ ನಿಲ್ಲಿಸಬಹುದಾ?” ಗಿಡ ಎಂದರೆ ಎಷ್ಟಿದ್ದೀತು ಎಂದುಕೊಂಡು ಧಾರಾಳವಾಗಿ ತಲೆಯಾಡಿಸಿದೆ. ಬಂದದ್ದು ಈ ಚಿಮಣಿ ಕೊಳವೆ. ಕೆಳಗೆ ತಗಡು ತೂರಿಸಿ, ವಿದ್ಯಾರ್ಥಿಗಳಿಬ್ಬರ ಸಹಾಯದಿಂದ ರಘು ಅದನ್ನು ಹೊತ್ತು ತಂದ. ನೀರು ಇಂಗಲಿ ಎಂದು ಎಂಜಿನಿಯರ್ ಬುದ್ಧಿ ಓಡಿಸಿ, ಹಿತ್ತಲಿನ ಕಲ್ಲುಚಪ್ಪಡಿ ಒಂದನ್ನು ಎಬ್ಬಿಸಿ, ತಗಡು ಎಳೆದು ತೆಗೆದು, ಕೊಳವೆಯನ್ನು ನೇರ ಮಣ್ಣಿನ ಮೇಲೇ ಕೂರಿಸಿದ. ಇಷ್ಟು ದೊಡ್ಡ ಮೆರವಣಿಗೆಯ ಮಧ್ಯೆ ಇದ್ದದ್ದು ಅಂಗೈಯಗಲದ ನಾಲ್ಕು ಸುಕ್ಕು ಎಲೆ.

“ಇಷ್ಟಕ್ಕೆ ಇಷ್ಟೆತ್ತರದ ಕುಂಡವೇ?” ಎಂದೆ.

“ಇವಳು ಮೇಲೆ ಬೆಳೆಯೋಳಲ್ಲ, ಕೆಳಗೆ ಬೆಳೆಯೋಳು. ಮ್ಯಾಂಡ್ರೇಕ್” ಎಂದರು ಡೊರೀನ್.

ಮ್ಯಾಂಡ್ರೇಕಿಗೆ ಕನ್ನಡದಲ್ಲಿ ಹೆಸರಿದ್ದರೆ ನನಗೆ ಗೊತ್ತಿಲ್ಲ. ಕುಲ ಮಾತ್ರ ಗೊತ್ತು. ಬದನೆ, ಆಲೂಗಡ್ಡೆ, ಉಮ್ಮತ್ತಿ ಇರುವ ಮನೆತನ ಅದರದು. ನೇರಳೆ ಬಣ್ಣದ ಹೂವು ನೋಡಿದರೆ ಬದನೆಯ ತಂಗಿ ಎಂದೇ ಅನ್ನಿಸುತ್ತದೆ. ಆದರೆ ಸ್ವಭಾವ ಉಮ್ಮತ್ತಿಯದು, ಬೇರಿನ ತುದಿಯವರೆಗೂ ವಿಷ. ಹಿಂದಿನ ಕಾಲದ ಶಸ್ತ್ರವೈದ್ಯರು ಈ ಬೇರನ್ನು ದ್ರಾಕ್ಷಾರಸದಲ್ಲಿ ನೆನೆಹಾಕಿ ಕುಡಿಸಿ, ರೋಗಿಗೆ ಮಂಪರು ಹತ್ತಿದ ಮೇಲೆ ಕಾಲು ಕೊಯ್ಯುತ್ತಿದ್ದರಂತೆ. ನಾನು ಆಪರೇಷನ್ ಥಿಯೇಟರಿನಲ್ಲಿ ದಿನವೂ ಮಾಡುವ ಕೆಲಸದ ಮುತ್ತಜ್ಜಿ ನನ್ನ ಹಿತ್ತಲಿಗೇ ಬಂದು ಕೂತಿದ್ದಳು. ಮುತ್ತಜ್ಜಿಯ ಕೈಯಲ್ಲಿ ಮಲಗಿದವರಲ್ಲಿ ಎಷ್ಟು ಜನ ಎದ್ದರೋ ಯಾರೂ ಹೇಳಿಲ್ಲ. ನಮ್ಮ ಕಸುಬು ಮಲಗಿಸುವುದು ಎಂದು ಲೋಕವೆಲ್ಲ ತಿಳಿದಿದೆ. ಮಲಗಿಸುವುದು ಯಾರಿಗೂ ಬರುತ್ತದೆ, ಒನಕೆ ಇದ್ದರೆ ಸಾಕು. ಎಬ್ಬಿಸುವುದಕ್ಕೆ ನಮಗೆ ಸಂಬಳ.

ಡೊರೀನ್ ಅದನ್ನು ಬೀಜದಿಂದ ಬೆಳೆಸಿದ್ದರು. ಬೀಜ ಮೊಳೆಯುವುದಕ್ಕೇ ಎರಡು ಚಳಿಗಾಲ ಹಿಡಿಯಿತಂತೆ. ಆಮೇಲೆ ಹೂ ಬಿಡುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. ಮ್ಯಾಂಡ್ರೇಕ್ ಹಣ್ಣಿಗೆ ಅದ್ಭುತ ಪರಿಮಳ ಎಂದು ಎಲ್ಲೋ ಓದಿದ್ದರು. “ಸಾಯೋದರೊಳಗೆ ಒಂದು ಸಲ ಮೂಸಬೇಕು, ಬ್ಯಾಬ್. ತಿನ್ನಲ್ಲ. ಮೂಸ್ತೀನಿ, ಅಷ್ಟೇ.” ಅವರು ತಮಗೆಂದು ಯಾರಲ್ಲೂ ಏನನ್ನೂ ಕೇಳುವ ಪೈಕಿಯಲ್ಲ. ಅವರ ಬಾಯಲ್ಲಿ ನಾನು ಕೇಳಿದ ಆಸೆ ಇದೊಂದೇ. ಬೆಳಿಗ್ಗೆ ಚಹಾದ ಮಗ್ ಹಿಡಿದು ಬೇಲಿಯ ಸಂದಿನಿಂದ ಬಂದು, ಗಿಡವನ್ನು ನೋಡಿ ಹೋಗುತ್ತಿದ್ದರು.

ಅದರ ಕಥೆಗಳನ್ನು ಅವರ ಬಾಯಿಂದಲೇ ಕೇಳಬೇಕಿತ್ತು. ಬೇರು ಮನುಷ್ಯನ ಆಕಾರ, ಎರಡು ಕಾಲು, ಕೆಲವೊಮ್ಮೆ ಕೈ ಕೂಡ. ಗಲ್ಲುಗಂಬದ ಬುಡದಲ್ಲಿ ಹುಟ್ಟುತ್ತದೆ. ಕಿತ್ತರೆ ಕಿರುಚುತ್ತದೆ, ಕಿರುಚಿದ್ದು ಕೇಳಿದವನು ಅಲ್ಲೇ ಸಾಯುತ್ತಾನೆ. ಅದಕ್ಕೆ ಜನ ಉಪಾಯ ಮಾಡಿದರು: ಕಿವಿಗೆ ಮೇಣ ತುಂಬಿಕೊಂಡು, ಹಸಿದ ನಾಯಿಯ ಕೊರಳಿಗೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಗಿಡಕ್ಕೆ ಬಿಗಿದು, ದೂರ ನಿಂತು ಮಾಂಸದ ತುಂಡು ತೋರಿಸುವುದು. ನಾಯಿ ಓಡುತ್ತದೆ, ಬೇರು ಬರುತ್ತದೆ, ನಾಯಿ ಸಾಯುತ್ತದೆ. ಹೀಗೆ ಸಿಕ್ಕ ಬೇರನ್ನು ಪೆಟ್ಟಿಗೆಯಲ್ಲಿಟ್ಟು, ರೇಷ್ಮೆ ಉಡಿಸಿ, ಆಗಾಗ ಸ್ನಾನ ಮಾಡಿಸುತ್ತಿದ್ದರಂತೆ. ಮನೆಗೆ ಅದೃಷ್ಟ.

ಕೇಳುತ್ತ ಕೇಳುತ್ತ ನನಗೆ ಮೈಸೂರಿನ ನಮ್ಮ ಮನೆಯ ಹಿಂದಿನ ಖಾಲಿ ಸೈಟು ನೆನಪಾಯಿತು. ಅಲ್ಲೊಂದು ಬಿಳಿ ಎಕ್ಕದ ಗಿಡವಿತ್ತು. ಹಳೆಯ ಬಿಳಿ ಎಕ್ಕದ ಬೇರಿನಲ್ಲಿ ಗಣಪತಿ ಮೂಡುತ್ತಾನೆ ಎಂದು ನಂಬಿದ್ದ ನನ್ನ ಸೋದರಮಾವ ಒಂದು ಬೆಳಿಗ್ಗೆ ಮನೆಮಂದಿಯನ್ನೆಲ್ಲ ಸುತ್ತ ನಿಲ್ಲಿಸಿ ಅದನ್ನು ಅಗೆದರು. ಅಗೆಯುವಾಗ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಬೇರು ಬಂತು. ಮಣ್ಣು ತೊಳೆದು ಮಾವ ಸೊಂಡಿಲು ತೋರಿಸಿದರು, ಹೊಟ್ಟೆ ತೋರಿಸಿದರು, ಅತ್ತೆಗೆ ದಂತವೂ ಕಂಡಿತು. ನನಗೆ ಕಂಡದ್ದು ಸುವರ್ಣಗೆಡ್ಡೆ. ಹಾಗೆಂದು ಹೇಳಿಯೂಬಿಟ್ಟೆ, ತಲೆಯ ಮೇಲೆ ಮೊಟಕಿಸಿಕೊಂಡೆ. ಮುಂದೆ ವೈದ್ಯಳಾಗುವ ಲಕ್ಷಣ ಅದು ಎಂದು ನಾನು; ಉದ್ಧಟತನದ ಲಕ್ಷಣ ಎಂದು ಅಮ್ಮ.

ಆ ಅಮ್ಮನೇ ಮರುವರ್ಷದ ಏಪ್ರಿಲ್ಲಿನಲ್ಲಿ ಆರು ತಿಂಗಳ ವೀಸಾ ಹಿಡಿದು, ಉಪ್ಪಿನಕಾಯಿ ಜಾಡಿಯನ್ನು ಸ್ವೆಟರಿನಲ್ಲಿ ಸುತ್ತಿಕೊಂಡು ಬಂದಿಳಿದಳು. ಒಂದೇ ವಾರದಲ್ಲಿ ಡೊರೀನ್ ಮತ್ತು ಅಮ್ಮ ಬೇಲಿಯ ಎರಡು ಬದಿಗೆ ಕುರ್ಚಿ ಹಾಕಿಕೊಂಡು ಕೂರುವಷ್ಟು ಗೆಳತಿಯರಾದರು. ನಾನು ಮನೆಯಲ್ಲಿದ್ದರೆ ಅನುವಾದ, ಇಲ್ಲದಿದ್ದರೆ ಕೈಸನ್ನೆ. ಅಮ್ಮನ ಬಾಯಲ್ಲಿ ಅವರು “ಡೊರೀನಮ್ಮ”.

ನಾಯಿಯ ಕಥೆ ಕೇಳಿ ಅಮ್ಮನಿಗೆ ಕೋಪವೇ ಬಂತು. “ಪಾಪದ ಪ್ರಾಣಿ! ಇವರಿಗೆ ಕೇಳಿ ತಗೊಳಕ್ಕೆ ಏನು ರೋಗ?”

“ಯಾರನ್ನ ಕೇಳೋದು?” ಎಂದು ಡೊರೀನ್ ನನ್ನ ಮೂಲಕ ಕೇಳಿದರು.

“ಗಿಡಾನ. ಮೂಲಿಕೆ ಕೀಳೋ ಹಿಂದಿನ ಸಾಯಂಕಾಲ ಹೋಗಿ, ಅರಿಶಿನದ ದಾರ ಕಟ್ಟಿ, ಅಕ್ಷತೆ ಹಾಕಿ, ನಾಳೆ ಬರ್ತೀವಿ, ನಿನ್ನ ಕರ್ಕೊಂಡು ಹೋಗ್ತೀವಿ, ಒಪ್ಕೋಮ್ಮ ಅಂತ ಕೇಳ್ಬೇಕು. ನಮ್ಮಣ್ಣ ಎಕ್ಕದ ಗಿಡಕ್ಕೆ ಹಾಗೇ ಮಾಡಿದ್ದು.”

“ಗಿಡ ಬೇಡ ಅಂದ್ರೆ?”

“ಬೇಡ ಅಂದ್ರೆ ಬೇರು ತುಂಡಾಗತ್ತೆ. ಗೊತ್ತಾಗತ್ತಲ್ಲ!”

ಡೊರೀನ್ ತುಂಬ ಹೊತ್ತು ಆ ಮಾತನ್ನು ಮೆಲುಕು ಹಾಕಿದರು. ನಾನು ಮಾತ್ರ ನನ್ನ ಪಾಂಡಿತ್ಯ ಪ್ರದರ್ಶನದಲ್ಲಿ ಮುಳುಗಿದ್ದೆ. ಅಮ್ಮ ಎಲೆ ಮುಟ್ಟಿ ನೋಡಿದಾಗ, “ಮುಟ್ಟಿದ ಕೈ ಬಾಯಿಗೆ ಇಡ್ಬೇಡ, ವಿಷ. ಉಮ್ಮತ್ತಿಯ ಖಾಸಾ ವಂಶ” ಎಂದೆ.

“ವಿಷ ಆದ್ರೇನೇ? ಉಮ್ಮತ್ತಿ ಹೂ ಶಿವನಿಗೆ ಏರಿಸಲ್ವಾ? ಇವರೂ ಬೇರಿಗೆ ರೇಷ್ಮೆ ಉಡಿಸಿ ಅಭಿಷೇಕ ಮಾಡ್ತಿದ್ರು ಅಂದ್ಯಲ್ಲ” ಎಂದಳು ಅಮ್ಮ. ಆ ಮಾತು ಅವಳ ತಲೆಯಲ್ಲಿ ಕೂತು ಏನು ಮಾಡುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಜೂನಿನಲ್ಲಿ ಡೊರೀನಿಗೆ ಸೊಂಟದ ಕೀಲಿನ ಆಪರೇಷನ್ ಆಯಿತು. ಚೇತರಿಸಿಕೊಳ್ಳಲು ಲೀಡ್ಸಿನ ಹೆಡಿಂಗ್ಲೀಯಲ್ಲಿದ್ದ ಮಗಳು ಸೂಸನ್ನಳ ಮನೆಗೆ ಹೋದರು. ಹೋಗುವ ಮುಂಚೆ ನನಗೆ ಒಂದೇ ಮಾತು: “ಇನ್ನು ಎಲೆ ಒಣಗಿ ಹೋಗುತ್ತೆ. ಸತ್ತಿದೆ ಅಂದ್ಕೋಬೇಡ. ಬೇಸಿಗೆಯೆಲ್ಲ ನಿದ್ದೆ ಅದಕ್ಕೆ. ನಿದ್ದೇಲಿರೋವಾಗ ಒಂದು ತೊಟ್ಟೂ ನೀರು ಹಾಕಬೇಡ, ಕೊಳೆತುಹೋಗುತ್ತೆ.” ನಾನು ಹಾಕಲಿಲ್ಲ. ಮಲಗಿರುವವರ ಬಾಯಿಗೆ ನೀರು ಹಾಕಬಾರದು ಎಂದು ನನಗೆ ಹೇಳಿಕೊಡಬೇಕೆ? ಅಮ್ಮನಿಗೆ ಹೇಳಬೇಕು ಎಂದು ಮಾತ್ರ ಹೊಳೆಯಲಿಲ್ಲ.

ಅಮ್ಮನ ಕಷ್ಟ ಬೇರೆಯದಿತ್ತು. ಪೂಜೆಯಾದ ಮೇಲೆ ದೇವರಿಗೆ ಎರೆದ ನೀರನ್ನು ಕಾಲಿಗೆ ಸಿಗದ ಹಾಗೆ ಗಿಡದ ಬುಡಕ್ಕೆ ಹಾಕಬೇಕು. ನಮ್ಮ ತುಳಸಿ ಹಿಂದಿನ ನವೆಂಬರಿನ ಚಳಿಗೇ ಸತ್ತಿತ್ತು. ಹಿತ್ತಲೆಲ್ಲ ಚಪ್ಪಡಿ. ಇನ್ನು ಉಳಿದದ್ದು ಯಾವುದು, ನೀವೇ ಹೇಳಿ.

ಆಗಸ್ಟಿನ ಒಂದು ಸೋಮವಾರ ನನಗೆ ರಜೆ. ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಅಮ್ಮ ಸೀರೆಯ ಮೇಲೆ ರಘುವಿನ ಹಳೆಯ ಜಾಕೆಟ್ ಹಾಕಿಕೊಂಡು, ಬೆಳ್ಳಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಚಿಮಣಿ ಕೊಳವೆಯೊಳಕ್ಕೆ ಬಗ್ಗಿಸುತ್ತಿದ್ದಾಳೆ. ನೀರಾಗಿದ್ದರೂ ಆಗುತ್ತಿತ್ತು. ಹಾಲು.

“ಅಮ್ಮಾ! ಏನ್ ಮಾಡ್ತಿದೀಯಾ?”

“ಸೋಮವಾರ ಅಲ್ವೇನೆ, ಶಿವನಿಗೆ ಹಾಲಿನ ಅಭಿಷೇಕ ಮಾಡಿದ್ದು.”

“ದಿನಾ ಹಾಕ್ತಿದೀಯಾ?”

“ಮತ್ತೆ? ತೀರ್ಥಾನ ಸಿಂಕಿಗೆ ಹಾಕಕ್ಕಾಗತ್ತಾ? ಮೋರಿಗೆ ಹೋಗಲ್ವಾ?”

“ಪುದೀನ ಇದೆಯಲ್ಲಮ್ಮ, ಆ ಡಬ್ಬೀಲಿ!”

“ಪುದೀನಕ್ಕೆ ಯಾರಾದ್ರೂ ತೀರ್ಥ ಹಾಕ್ತಾರೇನೆ? ಇದು ನೀನೇ ಹೇಳಿದ್ದು, ಶಿವನ ಗಿಡದ ವಂಶ ಅಂತ. ಪಾಪ, ನೀರಿಲ್ಲದೆ ಒಣಗಿಹೋಗಿತ್ತು...”

ಹೇಳಿದೆ. ಅಮ್ಮ ಬಟ್ಟಲನ್ನು ಚಪ್ಪಡಿಯ ಮೇಲಿಟ್ಟು ಅಲ್ಲೇ ಕೂತಳು. ನಾನು ಬೆರಳು ತೂರಿಸಿ ನೋಡಿದೆ. ಮಣ್ಣು ಕೆಸರಾಗಿತ್ತು, ಮೊಸರು ಕೆಟ್ಟ ವಾಸನೆ ಬರುತ್ತಿತ್ತು, ಅಂಚಿನಲ್ಲಿ ಕುಂಕುಮ. ಸಿಟ್ಟು, ನಗು, ಹೆದರಿಕೆ ಮೂರೂ ಒಟ್ಟಿಗೆ ಬಂದವು. ಹೆದರಿಕೆಯೇ ಹೆಚ್ಚು.

ಸೆಪ್ಟೆಂಬರಿನಲ್ಲಿ ಡೊರೀನ್ ಕೋಲು ಹಿಡಿದು ವಾಪಸು ಬಂದರು. ಅವರ ಬಳಿಯೂ ಸುದ್ದಿಯಿತ್ತು. ಮನೆ ಮಾರುವುದೆಂದು ಮಗಳು, ಅಳಿಯ ಸೇರಿ ತೀರ್ಮಾನಿಸಿದ್ದರು. ವಸಂತದಲ್ಲಿ ಇವರು ಹೆಡಿಂಗ್ಲೀಗೇ ಹೋಗಬೇಕು. ಮೆಟ್ಟಿಲು ಹತ್ತಲಾಗದವರು ಒಬ್ಬರೇ ಇರುವುದು ಸರಿಯಲ್ಲ ಎನ್ನುವುದೂ ನಿಜವೇ. ಅಲ್ಲಿ ಒಂದೇ ಕೋಣೆ, ಸಾಮಾನು ಹಿಡಿಸುವುದಿಲ್ಲ. “ಏನೂ ತರಲ್ಲ, ನನ್ನ ಮ್ಯಾಂಡ್ರೇಕ್ ಒಂದು ತರ್ತೀನಿ ಅಂದಿದ್ದೀನಿ” ಎಂದರು.

ಅಮ್ಮ ನನ್ನ ಸೆರಗು ಜಗ್ಗುವಂತೆ ತೋಳು ಹಿಡಿದು, “ಈಗಲೇ ಹೇಳು, ನಾನೇ ಮಾಡಿದ್ದು ಅಂತ ಹೇಳು” ಎಂದಳು. ಹೇಳಿದೆ. ಅನುವಾದ ಮಾಡುವುದು ಅಷ್ಟು ಕಷ್ಟ ಎಂದು ಆವತ್ತಿನವರೆಗೆ ಗೊತ್ತಿರಲಿಲ್ಲ. ಡೊರೀನ್ ಮಣ್ಣಿಗೆ ಬೆರಳಿಟ್ಟು ಮೂಸಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. “ಹಾಲು!” ಎಂದರು. ಬೆರಳು ಒರೆಸಿಕೊಂಡು, “ಒಳ್ಳೇ ಮನಸ್ಸಿಂದ ಹಾಕಿದ್ದು ಅಂತ ಅಮ್ಮನಿಗೆ ಹೇಳು, ಬ್ಯಾಬ್” ಎಂದು ಮನೆಯೊಳಕ್ಕೆ ಹೋದರು. ಆ ದಿನ ಚಹಾಕ್ಕೆ ಬರಲಿಲ್ಲ.

ಅಗೆದು ನೋಡೋಣವೇ ಎಂದು ನಾನೇ ಎಷ್ಟೋ ಸಲ ಕೇಳಿದೆ. ಕುತೂಹಲ ನನ್ನ ಹಳೆಯ ಕಾಯಿಲೆ. ಡೊರೀನ್ ಒಪ್ಪಲಿಲ್ಲ. ಬದುಕಿದ್ದರೆ ಚಳಿಗಾಲದ ಕೊನೆಗೆ ತಾನೇ ಏಳುತ್ತದೆ, ಕಾಯಬೇಕು ಎಂದರು. ನಾನು ಕಾಯುವುದನ್ನೇ ಕಸುಬು ಮಾಡಿಕೊಂಡವಳು. ಆದರೆ ನನ್ನ ರೋಗಿಗಳಿಗೆ ನಾಡಿಯಿದೆ, ಉಸಿರಿದೆ, ಪಕ್ಕದಲ್ಲಿ ಬೀಪ್ ಎನ್ನುವ ಯಂತ್ರವಿದೆ. ಇಲ್ಲಿ ಒಂದು ಕೊಳವೆ ಮಣ್ಣು.

ಅಕ್ಟೋಬರಿನಲ್ಲಿ ಅಮ್ಮ ಊರಿಗೆ ಹೊರಡುವ ಹಿಂದಿನ ಸಾಯಂಕಾಲ ಕೊಳವೆಯ ಕತ್ತಿಗೆ ಅರಿಶಿನದ ದಾರ ಕಟ್ಟಿ ಅಕ್ಷತೆ ಹಾಕಿದಳು. ಕೈಮುಗಿದು, “ತಪ್ಪಾಯ್ತಮ್ಮ. ಏಳು. ಡೊರೀನಮ್ಮನ ಜೊತೆ ಹೋಗು” ಎಂದಳು. ಬೇಲಿಯಾಚೆ ಡೊರೀನ್ ಮಗ್ ಹಿಡಿದು ನಿಂತಿದ್ದರು. ಈ ಮಾತಿಗೆ ಅವರು ಅನುವಾದ ಕೇಳಲಿಲ್ಲ.

ಆಮೇಲೆ ಭಾನುವಾರದ ಫೋನಿನಲ್ಲಿ ಅಮ್ಮನ ಮೊದಲ ಪ್ರಶ್ನೆ ನನ್ನ ಆರೋಗ್ಯವಲ್ಲ, “ಎದ್ದಿತಾ?” ಫೆಬ್ರವರಿ ಬಂತು, ಇಲ್ಲ. ಮಾರ್ಚಿನಲ್ಲಿ ಪಾರ್ಕಿನ ತುಂಬ ಹಳದಿ ಡ್ಯಾಫೊಡಿಲ್ ಬಂದವು, ಇಲ್ಲ. ಡೊರೀನ್ ಹೊರಡುವ ವಾರ ತಾವೇ ಬಂದು, “ಸರಿ, ನೋಡೇಬಿಡೋಣ” ಎಂದರು.

ರಘು ಕೊಳವೆಯನ್ನು ಅಲ್ಲಾಡಿಸಿ ಮೇಲಕ್ಕೆತ್ತಿದ. ಒಳಗಿನ ಮಣ್ಣು ಕುಸಿಯಿತು. ಯಾವ ಕಿರುಚಾಟವೂ ಇಲ್ಲ. ಬೇರಿದ್ದ ಜಾಗದಲ್ಲಿ ಕಂದು ಬಣ್ಣದ ಲೋಳೆ. ನನಗೆ ಅಳು ಬಂತು, ನಾಚಿಕೆಯೇನಿಲ್ಲ ಹೇಳಲು. ಡೊರೀನ್ ಸ್ಟೂಲ್ ಹಾಕಿಸಿಕೊಂಡು ಕೂತು ಕೈಯಿಂದಲೇ ಮಣ್ಣು ಸರಿಸುತ್ತ ಹೋದರು, ಕೆಳಗೆ, ಇನ್ನೂ ಕೆಳಗೆ, ಚಪ್ಪಡಿ ತೆಗೆದ ನೆಲದವರೆಗೆ. ಅಲ್ಲಿ ನಿಂತರು. ಉಗುರಿನಿಂದ ಏನನ್ನೋ ಕೆರೆದರು. ಬೆಳ್ಳಗಿತ್ತು, ಗಟ್ಟಿಯಾಗಿತ್ತು. ಕುಂಡಕ್ಕೆ ತಳವಿಲ್ಲದ್ದರಿಂದ ಬೇರು ಎಂದೋ ಅದನ್ನು ದಾಟಿ ನಮ್ಮ ನೆಲಕ್ಕಿಳಿದಿತ್ತು. ಹಾಲು, ನೀರು ನಿಂತದ್ದು ಮೇಲೆ, ಕೆಳಗೆ ಅದು ಕವಲೊಡೆದು ಎರಡು ಕಾಲು ಚಾಚಿ ಆರಾಮವಾಗಿತ್ತು.

ರಘು ಸನಿಕೆ ತಂದ. ಡೊರೀನ್ ಬೇರನ್ನು ಮೆಲ್ಲಗೆ ಹಿಡಿದು ಎಳೆದು ನೋಡಿದರು. ಒಳಗೆಲ್ಲೋ ಸಣ್ಣಗೆ ಚಟ್ ಎಂದಿತು. ತಕ್ಷಣ ಕೈ ಬಿಟ್ಟರು.

“ಬೇಡ ಅಂತಿದೆ” ಎಂದರು. “ನಿನ್ನಮ್ಮ ಹೇಳಿದ್ದರಲ್ಲ. ಮುಚ್ಚಿಬಿಡು, ಬ್ಯಾಬ್.”

ಆ ವಾರ ವ್ಯಾನ್ ಬಂದು ಅವರ ಸಾಮಾನು ಒಯ್ದಿತು. ಕಾರಿನ ಹಿಂದಿನ ಸೀಟಿನಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಡೊರೀನ್ ನೇರ ನೋಡುತ್ತ ಕೂತಿದ್ದರು. ಭಾನುವಾರ ಅಮ್ಮನಿಗೆ ಎಲ್ಲ ಹೇಳಿದೆ, ಬೇರು ಬದುಕಿದ್ದು, ಗಿಡ ಬಿಟ್ಟು ಅವರು ಹೋದದ್ದು.  ಅಮ್ಮ ಕೇಳಿದ್ದು ಒಂದೇ ಮಾತು:

“ಅಲ್ವೇ, ಡೊರೀನಮ್ಮನ್ನ ಕೀಳೋ ಮುಂಚೆ ಅವರನ್ನ ಯಾರಾದ್ರೂ ಕೇಳಿದ್ರಂತಾ?”

 

ಮರುವರ್ಷ ಫೆಬ್ರವರಿಯಲ್ಲಿ ಕೊಳವೆ ಮೊದಲು ಕೂತಿದ್ದ ನೆಲದಿಂದ ಸುಕ್ಕು ಎಲೆಗಳ ಮೂತಿ ಹೊರಬಂತು. ಕೊಳವೆಯನ್ನು ಒಂದು ಮಾರು ಆಚೆಗೆ ಸರಿಸಿಟ್ಟಿದ್ದೆವು, ದಾರ ಬಿಚ್ಚಿರಲಿಲ್ಲ. ಅದರ ಮುಂದಿನ ವರ್ಷ ಹೂ ಬಂದಾಗ ಡೊರೀನ್ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಪೇಂಟಿಂಗ್ ಬ್ರಷ್ ಹಿಡಿದು, ಮೊಣಕಾಲೂರಿ, ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರಿದೆ. ವಿದ್ಯಾರ್ಥಿಗಳು ಮಹಡಿಯಿಂದ ಇಣುಕಿ ನೋಡಿದರು. ಜೂನಿಗೆ, ಎಲೆಗಳು ಹಳದಿಯಾಗುವ ಹೊತ್ತಿಗೆ, ನೆಲಕ್ಕೆ ಒರಗಿಕೊಂಡು ಒಂದೇ ಒಂದು ಹಣ್ಣು: ಚಿಕ್ಕ ನಿಂಬೆಯಷ್ಟು, ಹೊಂಬಣ್ಣ.

ಅದನ್ನು ಊಟದ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು ಲೀಡ್ಸಿನ ರೈಲು ಹತ್ತಿದೆ. ಡರ್ಬಿ ದಾಟುವುದರೊಳಗೆ ಎದುರಿನ ಸೀಟಿನವರು ಮೂಗು ಅರಳಿಸಿ ನನ್ನ ಚೀಲ ನೋಡತೊಡಗಿದ್ದರು. ಹೆಡಿಂಗ್ಲೀಯ ಇಟ್ಟಿಗೆಮನೆಯ ಹಿಂದಿನ ಅಂಗಳದಲ್ಲಿ ಡೊರೀನ್ ಕಂಬಳಿ ಹೊದ್ದು ಕೂತಿದ್ದರು. ತೆಳ್ಳಗಾಗಿದ್ದರು. ಡಬ್ಬಿ ತೆಗೆದು ಕೈಗಿತ್ತೆ. ಮಾಗಿದ ಸೇಬು, ಅದರ ಹಿಂದೆಯೇ ಬುಟ್ಟಿಗಟ್ಟಲೆ ಸೀಬೆಹಣ್ಣು, ಕೊನೆಗೆ ಎಲ್ಲೋ ಸ್ವಲ್ಪ ಮದ್ದಿನ ಕಹಿ. ಅವರು ಮೂಸಿದರು. ಮತ್ತೆ ಮೂಸಿದರು. ಹಣ್ಣನ್ನು ಕೆನ್ನೆಗೆ ಒತ್ತಿಕೊಂಡು ನಕ್ಕರು. “ನಿನ್ನಮ್ಮನಿಗೆ ಫೋನ್ ಮಾಡು.”

ಮಾಡಿದೆ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಒಂದಷ್ಟು ಹೊತ್ತು ಮಾತಾಡಿದರು. ಬೀಜ ಹಾಕುತ್ತಾರಂತೆ ಎಂದು ನಾನು ತಿಳಿಸಿದಾಗ ಅಮ್ಮ, “ಈ ಸಲ ಹಾಲು ಹಾಕ್ಬೇಡಿ ಅಂತ ಹೇಳು” ಎಂದಳು.

ಬೀಜ ಹಾಕುವುದು ಎಂದರೆ ಮೊಳೆಯಲು ಎರಡು ಚಳಿಗಾಲ, ಹೂವಿಗೆ ಇನ್ನೆಷ್ಟೋ. ಆ ಲೆಕ್ಕ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಳಿಯ ಒಳ್ಳೆಯವನು, ಒಳಗೆ ಹೋಗಿ ಗಾಲಿಯಿರುವ ಹೊಸ ಪ್ಲಾಸ್ಟಿಕ್ ಕುಂಡ ತಂದ. ಬೇಕಾದಲ್ಲಿಗೆ ತಳ್ಳಬಹುದು ಎಂದ.

“ಅದು ಬೇಡ. ಹಳೇದೊಂದು ಚಿಮಣಿ ಕೊಳವೆ ಹುಡುಕಿ ತಾ. ಒಂದು ಚಪ್ಪಡಿ ಎಬ್ಬಿಸಿ ಮಣ್ಣಿನ ಮೇಲೇ ಇಡು” ಎಂದರು ಡೊರೀನ್.

“ಬೇರು ನೆಲಕ್ಕಿಳಿದುಬಿಡುತ್ತಲ್ಲ. ಆಮೇಲೆ ಅಲ್ಲಾಡಿಸೋಕಾಗಲ್ಲ.”

“ಗೊತ್ತು. ಅದಕ್ಕೇ ಹೇಳ್ತಿರೋದು.”

ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಸೂಸನ್ ಬಾಗಿಲಲ್ಲೇ ನಿಂತಳು. ತಾಯಿಯನ್ನು ನೋಡಿದಳು, ತಾಯಿಯ ಕೈಯಲ್ಲಿದ್ದ ಹಣ್ಣನ್ನು ನೋಡಿದಳು. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹತ್ತಿರ ಬಂದು ಕೇಳಿದಳು:

“ಸರಿ ಅಮ್ಮ. ಎಲ್ಲಿಡೋಣ? ನೀನೇ ಹೇಳು.”

ಡೊರೀನ್ ಕಂಬಳಿ ಸರಿಸಿ, ಕೋಲೂರಿ ಎದ್ದರು. ಅಂಗಳದಲ್ಲೆಲ್ಲ ನಿಧಾನವಾಗಿ ಒಂದು ಸುತ್ತು ಬಂದರು. ಬಿಸಿಲು ಬಿದ್ದಿದ್ದ ಒಂದು ಚಪ್ಪಡಿಯನ್ನು ಕೋಲಿನಿಂದ ಕುಟ್ಟಿ, “ಇಲ್ಲಿ” ಎಂದರು.